ಗುಟ್ಟು ಕಾಯ್ದ ಬಂಗಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಲಂಡನ್ನಿನಿಂದ ರೈಲಿನಲ್ಲಿ ವಾಯವ್ಯಕ್ಕೆ ಸುಮಾರು 75 ಕಿಲೋಮೀಟರ್ ಸಾಗಿದರೆ ಬ್ಲೆಚ್ಲಿ ಎಂಬ ಊರು. ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ, ಕೆರೆಯೊಂದರ ದಡದಲ್ಲಿ, ಬ್ಲೆಚ್ಲಿ ಪಾರ್ಕ್ ಬಂಗಲೆ ಇದೆ. ಅದನ್ನು ಚೆಲುವಾದ ಮನೆ ಎಂದವರು ಕಡಿಮೆ. ಒಂದು ಮಗ್ಗುಲಲ್ಲಿ ಹಸಿರುಗಟ್ಟಿದ ತಾಮ್ರದ ಗುಮ್ಮಟ, ಇನ್ನೊಂದೆಡೆ ಮರದ ತೊಲೆಗಳು ಎದ್ದು ಕಾಣುವ ಟ್ಯೂಡರ್ ಗೋಡೆ, ನಡುವೆ ಗಾಥಿಕ್ ಕಮಾನು. ಬಾಗಿಲ ಬಳಿ ಹದ್ದಿನ ಮುಖ, ಸಿಂಹದ ಮೈ ಇರುವ ಕಲ್ಲಿನ ಮೃಗಗಳು. ಅದರ ಚಿತ್ರ ನೋಡಿದಾಗಲೆಲ್ಲ, ಬಂದ ಬೀಗರೆಲ್ಲರ ಮಾತು ಕೇಳಿ ಮಾಡಿದ ಮದುವೆಯ ಅಡುಗೆ ನನಗೆ ನೆನಪಾಗುತ್ತದೆ.

ಇದನ್ನು ಹೀಗೆ ಬೆಳೆಸಿದವರು ಹರ್ಬರ್ಟ್ ಲಿಯಾನ್. ಲಂಡನ್ನಿನ ಹಣಕಾಸು ವ್ಯವಹಾರದಲ್ಲಿ ದುಡ್ಡು ಮಾಡಿದ ಈ ಮನುಷ್ಯ 1883ರಲ್ಲಿ ಎಸ್ಟೇಟನ್ನು ಕೊಂಡು, ವಿಕ್ಟೋರಿಯಾ ರಾಣಿಯ ಕಾಲದ ಹೊಸ ಶ್ರೀಮಂತರ ರೀತಿಯಲ್ಲೇ, ಇದ್ದ ಮನೆಗೆ ಕೋಣೆಯ ಮೇಲೆ ಕೋಣೆ ಸೇರಿಸುತ್ತ ಹೋದರು. ಅವರು 1926ರಲ್ಲಿ, ಪತ್ನಿ ಫ್ಯಾನಿ 1937ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಆಳುಕಾಳುಗಳನ್ನಿಟ್ಟುಕೊಂಡು ಇಂಥ ಮನೆ ನಡೆಸುವ ಕಾಲವೇ ಮುಗಿದಿತ್ತು. ಎಸ್ಟೇಟು ಮಾರಾಟಕ್ಕೆ ಬಂತು. ಊರಿನ ಗುತ್ತಿಗೆದಾರರೊಬ್ಬರು ಬಂಗಲೆ ಕೆಡವಿ ನಿವೇಶನ ಮಾಡುವ ಲೆಕ್ಕದಲ್ಲಿದ್ದರು.

ಆಗ ಬಂದವರು ಬ್ರಿಟಿಷ್ ಗೂಢಚಾರ ಸಂಸ್ಥೆಯ ಮುಖ್ಯಸ್ಥ, ಅಡ್ಮಿರಲ್ ಹ್ಯೂ ಸಿಂಕ್ಲೇರ್. ಯುದ್ಧ ಬಂದರೆ ಲಂಡನ್ನಿನ ಮೇಲೆ ಬಾಂಬು ಬೀಳುವುದು ಖಚಿತ, ಗುಪ್ತಲಿಪಿ ಬಿಡಿಸುವವರನ್ನು ಊರಾಚೆ ಸಾಗಿಸಬೇಕು ಎಂಬುದು ಅವರ ಲೆಕ್ಕ. 1938ರಲ್ಲಿ 6,000 ಪೌಂಡ್ ಕೊಟ್ಟು, ಅದೂ ಸ್ವಂತ ಜೇಬಿನಿಂದ, ಮನೆಯನ್ನು ಕೊಂಡರು. ಅವರು ನೋಡಿದ್ದು ಗುಮ್ಮಟವನ್ನಲ್ಲ, ರೈಲುಹಳಿಯನ್ನು: ಲಂಡನ್ನಿನ ಮುಖ್ಯ ಮಾರ್ಗವೂ ಆಕ್ಸ್‌ಫರ್ಡ್‌–ಕೇಂಬ್ರಿಡ್ಜ್ ಮಾರ್ಗವೂ ಬ್ಲೆಚ್ಲಿಯಲ್ಲೇ ಕೂಡುತ್ತಿದ್ದವು. ಗಣಿತದ ಪ್ರಾಧ್ಯಾಪಕರನ್ನು ಕರೆಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಆ ಸೆಪ್ಟೆಂಬರಿನಲ್ಲೇ ಒಂದು ತಾಲೀಮು ನಡೆಯಿತು. ಊರವರ ಕಣ್ಣಿಗೆ ಮಣ್ಣೆರಚಲು ಅದಕ್ಕೆ ‘ಕ್ಯಾಪ್ಟನ್ ರಿಡ್ಲಿಯವರ ಬೇಟೆ ತಂಡ’ ಎಂದು ಹೆಸರಿಟ್ಟರು. ಲಂಡನ್ನಿನ ಸವಾಯ್ ಹೋಟೆಲಿನ ಬಾಣಸಿಗನೂ ಜೊತೆಗೆ ಬಂದಿದ್ದ. ಬೇಟೆಗಾರರೆಂದು ನಂಬಿಸಲು ಊಟವೂ ಭರ್ಜರಿಯಾಗಿರಬೇಕಲ್ಲವೇ!

1939ರ ಆಗಸ್ಟಿನಲ್ಲಿ ಕೆಲಸ ಶುರುವಾಯಿತು. ಗ್ರಂಥಾಲಯದಲ್ಲಿ ನೌಕಾ ವಿಭಾಗ. ನೀರಿನ ಟ್ಯಾಂಕಿನ ಗೋಪುರದಲ್ಲಿ ರೇಡಿಯೋ ಕೋಣೆ, ಅದರ ಏರಿಯಲ್ ತಂತಿ ಹತ್ತಿರದ ದೊಡ್ಡ ಮರಕ್ಕೆ. ತಂತಿ ಕಂಡರೆ ಶತ್ರುವಿಗೆ ಸುಳಿವು ಸಿಗುತ್ತದೆಂದು ಸ್ವಲ್ಪ ದಿನದಲ್ಲೇ ಆ ಕೇಂದ್ರವನ್ನು ಬೇರೆಡೆ ಸಾಗಿಸಿದರು. ಮನೆ ಸಾಲದೆ ತೋಟದ ತುಂಬ ಮರದ ಹಲಗೆಯ ಶೆಡ್ಡುಗಳು ಎದ್ದವು. ಆರನೆಯ ಶೆಡ್ಡಿನಲ್ಲಿ ಜರ್ಮನ್ನರ ಎನಿಗ್ಮಾ ಎಂಬ ಗುಪ್ತಲಿಪಿ ಯಂತ್ರದ ಸಂದೇಶವನ್ನು ಬಿಡಿಸಿದರೆ, ಅದನ್ನು ಅನುವಾದಿಸಿ ಅರ್ಥ ಮಾಡುವವರು ಪಕ್ಕದ ಮೂರನೆಯದರಲ್ಲಿ. ಎರಡರ ನಡುವೆ ಮರದ ಪುಟ್ಟ ಸುರಂಗ. ಕಾಗದವನ್ನು ತಟ್ಟೆಯಲ್ಲಿಟ್ಟು ಪೊರಕೆಯ ಕೋಲಿನಿಂದ ಆಚೆಗೆ ತಳ್ಳುತ್ತಿದ್ದರು. ಗಣಿತಜ್ಞರಾದ ಅಲನ್ ಟ್ಯೂರಿಂಗ್ ಮತ್ತು ಗಾರ್ಡನ್ ವೆಲ್ಚ್‌ಮನ್ ಎನಿಗ್ಮಾ ಬಿಡಿಸಲೆಂದು ರೂಪಿಸಿದ ಬಾಂಬ್ ಎಂಬ ಯಂತ್ರ, 1944ರ ಕೊಲೊಸಸ್ ಎಂಬ ಎಲೆಕ್ಟ್ರಾನಿಕ್ ಗಣಕ, ಇವುಗಳ ಜೊತೆಗೇ ಆ ಪೊರಕೆಯ ಕೋಲೂ ದುಡಿಯಿತು. ದೂರದ ದೆಹಲಿಯಲ್ಲೂ ಇವರಿಗೊಂದು ಶಾಖೆ ಇತ್ತು. ಜಪಾನೀ ಸೇನೆಯ ಸಂದೇಶಗಳಿಗೆ ಕಿವಿಗೊಡುವುದು ಅಲ್ಲಿನವರ ಕೆಲಸ.

1945ರ ಆರಂಭದ ಹೊತ್ತಿಗೆ ಇಲ್ಲೂ ಇದರ ಶಾಖೆಗಳಲ್ಲೂ ಸೇರಿ ಸುಮಾರು 9,000 ಜನರಿದ್ದರು, ಮುಕ್ಕಾಲು ಪಾಲು ಹೆಂಗಸರು. ಎಲ್ಲರೂ ಗೋಪ್ಯತೆಯ ಪತ್ರಕ್ಕೆ ಸಹಿ ಹಾಕಿದವರೇ. ಪಕ್ಕದ ಶೆಡ್ಡಿನಲ್ಲಿ ಏನು ನಡೆಯುತ್ತದೆ ಎಂದು ಕೇಳುವಂತಿರಲಿಲ್ಲ. ಯುದ್ಧ ಮುಗಿದ ಮೇಲೂ ಮೂವತ್ತು ವರ್ಷ ಬಾಯಿ ಬಿಟ್ಟವರಿಲ್ಲ. 1970ರ ದಶಕದ ನಡುವೆ ಸುದ್ದಿ ಹೊರಬೀಳುವ ವೇಳೆಗೆ ಎಷ್ಟೋ ಜನ ಹೆತ್ತವರಿಗೂ ಹೇಳದೆ, ಹೆತ್ತವರನ್ನೇ ಕಳೆದುಕೊಂಡಿದ್ದರು.

ಮೌನ ಯುದ್ಧ ಗೆಲ್ಲಿಸಿತು, ಸರಿ. ಆದರೆ ಮನೆಯನ್ನು ಮುಳುಗಿಸುವುದರಲ್ಲಿತ್ತು. 1946ರಲ್ಲಿ ಗುಪ್ತಲಿಪಿಯವರು ಹೋದರು, ಯಂತ್ರಗಳಲ್ಲಿ ಬಹುಪಾಲನ್ನು ಬಿಚ್ಚಿ ಹಾಕಿದರು. ಮುಂದೆ ಶಿಕ್ಷಕರ ತರಬೇತಿ ಕಾಲೇಜು, ಅಂಚೆ ಮತ್ತು ದೂರವಾಣಿ ಇಲಾಖೆಯ ತರಬೇತಿ ಕೇಂದ್ರ, ಹೀಗೆ ಯಾರು ಯಾರೋ ಬಂದು ಹೋದರು. ಸೋರುವ ಹಳೆಯ ಶೆಡ್ಡುಗಳು ಚರಿತ್ರೆ ಎಂದು ಹೇಳುವವರೇ ಇರಲಿಲ್ಲ. ಹೇಳಬೇಕಾದವರು ಮಾತು ಕೊಟ್ಟಿದ್ದರು. 1991ರಲ್ಲಿ ಮತ್ತೆ ಅದೇ ಯೋಜನೆ: ಕೆಡವಿ, ಮನೆ ಕಟ್ಟುವುದು.

ಊರಿನ ಇತಿಹಾಸ ಸಂಘದವರು ಆ ಅಕ್ಟೋಬರಿನಲ್ಲಿ ಇಲ್ಲಿ ದುಡಿದ ಹಳಬರಿಗೊಂದು ಬೀಳ್ಕೊಡುಗೆ ಕೂಟ ಏರ್ಪಡಿಸಿದರು. ಸುಮಾರು 400 ಜನ ಬಂದರು. ಅವರು ಬಾಯಿಬಿಟ್ಟು ಹೇಳಿದ್ದನ್ನು ಕೇಳಿದ ಮೇಲೆ ಸಂಘದವರಿಗೆ ಬೀಳ್ಕೊಡುವ ಮನಸ್ಸೇ ಉಳಿಯಲಿಲ್ಲ. ಮರುವರ್ಷ ನಗರಸಭೆ ಆವರಣದ ಬಹುಭಾಗವನ್ನು ಸಂರಕ್ಷಿತ ಪ್ರದೇಶ ಎಂದು ಸಾರಿತು, ಟ್ರಸ್ಟೊಂದು ಹುಟ್ಟಿತು, 1993ರಿಂದ ಸಾರ್ವಜನಿಕರು ಒಳಗೆ ಬರತೊಡಗಿದರು. ದುಡ್ಡಿಗೆ ಪರದಾಡಿದ ವರ್ಷಗಳೇ ಹೆಚ್ಚು. ದೊಡ್ಡ ದುರಸ್ತಿ ಮುಗಿದು 2014ರಲ್ಲಿ ಉದ್ಘಾಟನೆಗೆ ಬಂದವರು ರಾಜಮನೆತನದ ಸೊಸೆ ಕೇಟ್. ಅವರ ಅಜ್ಜಿಯೂ ಯುದ್ಧಕಾಲದಲ್ಲಿ ಇಲ್ಲೇ ಕೆಲಸ ಮಾಡಿದ್ದರು.

2023ರ ನವೆಂಬರಿನಲ್ಲಿ ಬಂಗಲೆಗೆ ಇನ್ನೊಂದು ಕೆಲಸ ಬಿತ್ತು. ಕೃತಕ ಬುದ್ಧಿಮತ್ತೆಯ ಅಪಾಯಗಳ ಬಗ್ಗೆ ಚರ್ಚಿಸಲು ಹಲವು ದೇಶಗಳ ಪ್ರತಿನಿಧಿಗಳು ಇಲ್ಲಿ ಸೇರಿದರು. ‘ಬ್ಲೆಚ್ಲಿ ಘೋಷಣೆ’ಗೆ ಒಪ್ಪಿಗೆ ಕೊಟ್ಟ 28 ದೇಶಗಳಲ್ಲಿ ಭಾರತವೂ ಒಂದು, ನಮ್ಮ ಪರವಾಗಿ ಹೋಗಿದ್ದ ಸಚಿವ ರಾಜೀವ್ ಚಂದ್ರಶೇಖರ್ ಆಗ ಕರ್ನಾಟಕದಿಂದಲೇ ರಾಜ್ಯಸಭೆಯಲ್ಲಿದ್ದರು. ಈ ಸಲ ಒಳಗೆ ಆಡಿದ ಮಾತನ್ನು ಹೊರಗೆ ಹಂಚಲು ಪತ್ರಕರ್ತರನ್ನೂ ಕರೆದಿದ್ದರು.