ಭಾನುವಾರ ಮೂರು ಟೇಬಲ್ ಜೋಡಿಸುವ ಊರು

ನಮಸ್ಕಾರ ಎಲ್ಲರಿಗೂ. ತೆರೆಯ ಮೇಲೆ ಒಮ್ಮೆ ನೋಡಿ. ಮೂರು ಟೇಬಲ್ ಎಳೆದು ಒಂದು ಮಾಡಿದ್ದಾರೆ. ತುದಿಯಲ್ಲಿ ಅಜ್ಜಿ ಕೂತಿದ್ದಾರೆ. ಅವರ ಎರಡೂ ಕಡೆ ಮಕ್ಕಳು, ಸೊಸೆ, ಅಳಿಯ. ಇನ್ನೊಂದು ತುದಿಯಲ್ಲಿ ಫೋನ್ ಹಿಡಿದ ಹುಡುಗರು. ನಡುವೆ ಎಲ್ಲೋ ಒಂದು ಕೈಗೂಸು, ಅದು ಒಬ್ಬರ ಮಡಿಲಿಂದ ಇನ್ನೊಬ್ಬರ ಮಡಿಲಿಗೆ ಹೋಗುತ್ತಲೇ ಇದೆ. ಅವರನ್ನು ಕೇಳಿಕೊಂಡೇ ದೂರದಿಂದ ತೆಗೆದದ್ದು ಇದು, ಹಾಗಾಗಿ ಯಾರ ಮುಖವೂ ಕಾಣುವುದಿಲ್ಲ. ಊರು ಟೆಕ್ಸಸ್‌ನ ಸ್ಯಾನ್ ಆಂಟೋನಿಯೋ. ಭಾನುವಾರ, ಬೆಳಗಿನ ಹನ್ನೊಂದು ಗಂಟೆ. ಈ ಹೊತ್ತಿನಲ್ಲಿ ಇಲ್ಲಿನ ಮೆಕ್ಸಿಕನ್ ಹೋಟೆಲುಗಳಲ್ಲಿ ಇಬ್ಬರಿಗೆ ಜಾಗ ಕೇಳಿದರೆ ಗೋಡೆಯ ಪಕ್ಕ ಒಂದು ಪುಟ್ಟ ಮೂಲೆ ತೋರಿಸುತ್ತಾರೆ. ದೊಡ್ಡ ಜಾಗವೆಲ್ಲ ದೊಡ್ಡ ಕುಟುಂಬಗಳಿಗೇ.

ಮೊದಲು ಸ್ವಲ್ಪ ಲೆಕ್ಕ ಹೇಳಿಬಿಡುತ್ತೇನೆ. 2020ರ ಜನಗಣತಿಯಲ್ಲಿ ಅಮೆರಿಕದಲ್ಲಿ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಮಾತನಾಡುವ ನಾಡುಗಳ ಮೂಲದವರು, ಅಂತ ಬರೆಸಿಕೊಂಡವರು 6.21 ಕೋಟಿ. ನಮ್ಮ ಕರ್ನಾಟಕದಲ್ಲಿ 2011ರ ಗಣತಿಯ ಹೊತ್ತಿಗೆ ಇದ್ದದ್ದು 6.11 ಕೋಟಿ. ಅಂದರೆ ಒಂದು ಇಡೀ ಕರ್ನಾಟಕದಷ್ಟು ಜನ. ಸ್ಯಾನ್ ಆಂಟೋನಿಯೋದಲ್ಲಂತೂ ನೂರರಲ್ಲಿ ಸುಮಾರು 64 ಜನ ಇವರೇ. ಹೆಚ್ಚಿನವರ ಬೇರು ಮೆಕ್ಸಿಕೋದಲ್ಲಿ. ಹಲವರ ಕುಟುಂಬಗಳು ಟೆಕ್ಸಸ್ ಅಮೆರಿಕಕ್ಕೆ ಸೇರುವ ಮೊದಲೇ ಇಲ್ಲಿದ್ದವು. ವಲಸೆ ಬಂದವರು ಅಂತ ಅವರನ್ನು ಕರೆಯೋಕೆ ಹೋಗಬೇಡಿ, ಗಡಿಯೇ ಅವರನ್ನು ದಾಟಿ ಆಚೆ ಹೋಯಿತು!

ಈಗ ಭಾನುವಾರದ ವಿಷಯ. ಇಲ್ಲಿನ ಭಾನುವಾರದ ಬೆಳಗು ಅಂದರೆ ಬಾರ್ಬಕೋವಾ. ದಕ್ಷಿಣ ಟೆಕ್ಸಸ್‌ನಲ್ಲಿ ಅದು ದನದ ತಲೆಯ ಮಾಂಸ. ಹಿಂದೆ ಜಾನುವಾರು ಸಾಕುವ ದೊಡ್ಡ ರ‍್ಯಾಂಚುಗಳಲ್ಲಿ ಒಳ್ಳೆಯ ತುಂಡುಗಳು ಮಾಲೀಕರ ಪಾಲು. ತಲೆ ಕೂಲಿಯವರ ಪಾಲು. ಅದನ್ನು ಸುತ್ತಿ, ನೆಲದಲ್ಲಿ ಗುಂಡಿ ತೋಡಿ, ಕೆಂಡದ ಮೇಲೆ ಇಟ್ಟು ಮುಚ್ಚಿದರೆ ರಾತ್ರಿಯಿಡೀ ಬೇಯುತ್ತಿತ್ತು. ಬೆಳಗಿನ ಹೊತ್ತಿಗೆ ಮಾಂಸ ಮೂಳೆ ಬಿಟ್ಟು ಬರುತ್ತಿತ್ತು. ಈಗ ಹೆಚ್ಚಿನ ಕಡೆ ಆವಿಯಲ್ಲಿ ಬೇಯಿಸುತ್ತಾರೆ. ಗುಂಡಿಯಲ್ಲಿ ಬೇಯಿಸಿ ಮಾರುವ ಹಳೆಯ ಜಾಗ ಒಂದಿದೆ, ಗಡಿಯಲ್ಲಿರುವ ಬ್ರೌನ್ಸ್‌ವಿಲ್ ಊರಿನ ವೆರಾಸ್ ಬ್ಯಾಕ್‌ಯಾರ್ಡ್ ಬಾರ್‌ಬಿಕ್ಯೂ. 2020ರಲ್ಲಿ ಜೇಮ್ಸ್ ಬಿಯರ್ಡ್ ಫೌಂಡೇಷನ್ ಅವರಿಗೆ ಪ್ರಶಸ್ತಿ ಕೊಟ್ಟಿತು, ಅಮೆರಿಕದ ಅಡುಗೆ ಲೋಕದಲ್ಲಿ ಅದು ದೊಡ್ಡ ಮನ್ನಣೆ.

ರಾತ್ರಿಯಿಡೀ ಬೇಯಬೇಕು, ಹಾಗಾಗಿ ಹೆಚ್ಚಿನವರು ವಾರದ ಕೊನೆಗೆ ಮಾತ್ರ ಮಾಡುತ್ತಾರೆ. ತೂಕಕ್ಕೆ, ಪೌಂಡ್ ಲೆಕ್ಕದಲ್ಲಿ ಮಾರುತ್ತಾರೆ, ಪ್ಲೇಟ್ ಲೆಕ್ಕದಲ್ಲಲ್ಲ. ಒಂದು ಪೌಂಡ್ ಅಂದರೆ ಹತ್ತಿರ ಹತ್ತಿರ ಅರ್ಧ ಕಿಲೋ. ನನಗೆ ಮುಖ್ಯ ಅನ್ನಿಸಿದ್ದು ಇದೇ. ಒಬ್ಬನೇ ಬಂದವನು ಒಂದು ಪೌಂಡ್ ಏನು ಮಾಡಿಕೊಳ್ಳಬೇಕು ಹೇಳಿ? ಎರಡು ಪೌಂಡ್ ಮಾಂಸ, ಎರಡು ಡಜನ್ ಟೊರ್ಟಿಯಾ ಅನ್ನುವ ಮೆಕ್ಕೆಜೋಳದ ತೆಳು ರೊಟ್ಟಿ, ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಒಂದು ಡಬ್ಬಿ ಸಾಲ್ಸಾ, ಅಂದರೆ ಖಾರದ ಚಟ್ನಿ. ಇಷ್ಟು ತಗೊಂಡರೆ ಒಂದು ಮನೆಯ ತಿಂಡಿ ಆಯಿತು. ಜೊತೆಗೆ ಬಿಗ್ ರೆಡ್ ಅನ್ನುವ ಕಡುಕೆಂಪು ಸೋಡಾ ಇರಲೇಬೇಕು. ಅದು 1937ರಲ್ಲಿ ಇದೇ ಟೆಕ್ಸಸ್‌ನ ವೇಕೋ ಊರಲ್ಲಿ ಹುಟ್ಟಿದ್ದು. ನನಗೆ ಅದು ಬಬಲ್‌ಗಮ್ ಕರಗಿಸಿ ಕುಡಿದಂತೆ ಅನ್ನಿಸಿತು. ಇಲ್ಲಿನವರ ಮುಂದೆ ಇದನ್ನು ಜೋರಾಗಿ ಹೇಳಬೇಡಿ.

ಚರ್ಚ್ ಮುಗಿಸಿ ಬರುವವರ ಸಾಲು ಬೇರೆ. ಅವರು ಕೂತು ತಿನ್ನುವವರು. ಅವರ ಟೇಬಲ್ ಮೇಲೆ ಮೆನುಡೋ ಇರುತ್ತದೆ, ಅಂದರೆ ಬೋಟಿ ಹಾಕಿದ ಕೆಂಪು ಸಾರು. ಅದೂ ಶನಿವಾರ, ಭಾನುವಾರದ ಅಡುಗೆಯೇ.

ಸಸ್ಯಾಹಾರಿಗಳು ವೀಡಿಯೋ ಮುಚ್ಚಬೇಡಿ. ಟೊರ್ಟಿಯಾ ಮಡಚಿ ಒಳಗೆ ಬೀನ್ಸ್ ಕಾಳು ಮತ್ತು ಚೀಸ್ ಹಾಕಿದ ಬ್ರೇಕ್‌ಫಾಸ್ಟ್ ಟಾಕೋ ಇಲ್ಲಿ ಬಹುತೇಕ ಎಲ್ಲ ಟಕೇರಿಯಾದಲ್ಲೂ, ಅಂದರೆ ಟಾಕೋ ಅಂಗಡಿಯಲ್ಲೂ, ಸಿಗುತ್ತದೆ. ಆದರೆ ಒಂದು ಮಾತು ಕೇಳಿ. ಬೀನ್ಸ್ ಅರೆದು ಹುರಿಯುವಾಗ ಹಲವರು ಹಂದಿಯ ಕೊಬ್ಬು ಹಾಕುತ್ತಾರೆ, ಅದಕ್ಕೆ ಮಂಟೇಕಾ ಅಂತಾರೆ. ಮೆನುವಿನಲ್ಲಿ ಬರೆದಿರುವುದಿಲ್ಲ. ಕೌಂಟರಿನಲ್ಲಿ ಆ ಒಂದು ಪದ ಹೇಳಿ ಕೇಳಿದರೆ ಸಾಕು, ಇದ್ದದ್ದು ಇದ್ದಂತೆ ಹೇಳುತ್ತಾರೆ. ಕುಡಿಯೋಕೆ ಹುಣಸೆ ಹಣ್ಣಿನ ಆಗ್ವಾ ಫ್ರೆಸ್ಕಾ, ಅಂದರೆ ಪಾನಕ, ತಗೊಳ್ಳಿ. ದೊಡ್ಡ ಗಾಜಿನ ಭರಣಿಯಲ್ಲಿ ಇಟ್ಟಿರುತ್ತಾರೆ.

ನಾನು ಗಮನಿಸಿದ ಇನ್ನೊಂದು ಸಂಗತಿ, ಆರ್ಡರ್ ಹೇಳುವ ಕ್ರಮ. ಅಜ್ಜಿ ಸ್ಪ್ಯಾನಿಷ್‌ನಲ್ಲಿ ಕೇಳುತ್ತಾರೆ. ಮಗಳು ಅರ್ಧ ಅದು, ಅರ್ಧ ಇದು. ಮೊಮ್ಮಗ ಪೂರ್ತಿ ಇಂಗ್ಲಿಷ್. ಬಡಿಸುವವಳು ಮೂವರಿಗೂ ಅವರವರ ಭಾಷೆಯಲ್ಲೇ ಉತ್ತರ ಕೊಡುತ್ತಾಳೆ, ಒಂದು ಕ್ಷಣವೂ ತಡವರಿಸದೆ. ಅಜ್ಜಿಗೆ ಸಾರು, ಮಗಳಿಗೆ ಸಾಸ್ ಸುರಿದ ಟೊರ್ಟಿಯಾ ಸುರುಳಿ ಎಂಚಿಲಾಡಾ, ಮೊಮ್ಮಗನಿಗೆ ಚೀಸ್‌ಬರ್ಗರ್. ಹೌದು, ಬರ್ಗರ್ರೇ. ಇಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ ಮೆಕ್ಸಿಕನ್ ಅಡುಗೆ ಮನೆಯಲ್ಲೇ ಇದೆ. ಈ ಹುಡುಗರ ಸಂಖ್ಯೆ ಚಿಕ್ಕದಲ್ಲ. ಅಮೆರಿಕದ ಹಿಸ್ಪಾನಿಕ್ ಜನರಲ್ಲಿ ಸುಮಾರು ಅರ್ಧದಷ್ಟು ಜನ 30ರೊಳಗಿನವರು, ಇಡೀ ದೇಶದ ಲೆಕ್ಕ ತೆಗೆದರೆ ಎಳೆಯರ ಪಾಲು ಇದಕ್ಕಿಂತ ಕಡಿಮೆ. ಹಾಗಾಗಿ ಮಕ್ಕಳಿಗೆ ಬೇಕಾದದ್ದು ಸಿಗದ ಹೋಟೆಲಿಗೆ ಇಡೀ ಟೇಬಲ್ಲೇ ಬರುವುದಿಲ್ಲ.

ಊಟ ಆದ ಮೇಲೂ ಯಾರೂ ಏಳುವುದಿಲ್ಲ. ಕಾಫಿ ಬರುತ್ತದೆ, ಮಾತು ಮುಂದುವರಿಯುತ್ತದೆ. ಬೇರೆ ಅಮೆರಿಕನ್ ಹೋಟೆಲಿನಲ್ಲಿ ತಟ್ಟೆ ಖಾಲಿಯಾಗುವ ಮೊದಲೇ ಬಿಲ್ ತಂದಿಡುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಎದ್ದು ಹೋಗಿ ಅಂದಂತೆ ಆಗುತ್ತದೆ. ಕೇಳಿದರೆ ಮಾತ್ರ ಬಿಲ್. ಹೊರಗೆ ಜಾಗಕ್ಕೆ ಕಾಯುತ್ತಿರುವವರಿಗೆ ಇದು ತಲೆನೋವು, ನಿಜ. ನಾನೂ ಕಾಯುವವರ ಸಾಲಿನಲ್ಲಿ ನಿಂತು ಗೊಣಗಿದ್ದುಂಟು.

ಈ ಊರಲ್ಲಿ ಹೊರಗೆ ತಿನ್ನುವ ರೂಢಿ ಬಹಳ ಹಳೆಯದು. 1880ರ ದಶಕದಲ್ಲೇ ಇಲ್ಲಿನ ಮಿಲಿಟರಿ ಪ್ಲಾಜಾದಲ್ಲಿ ಸಂಜೆಯಾದರೆ ಮೆಕ್ಸಿಕನ್ ಹೆಂಗಸರು ಉದ್ದದ ಮೇಜು ಹಾಕಿ, ಲಾಟೀನು ಹಚ್ಚಿ, ಚಿಲಿ ಅನ್ನುವ ಮೆಣಸಿನಕಾಯಿ ಹಾಕಿದ ಮಾಂಸದ ಸಾರು, ಕಡುಬಿನಂಥ ಟಮಾಲೆ ಮಾರುತ್ತಿದ್ದರು. ಅವರಿಗೆ ಚಿಲಿ ಕ್ವೀನ್ಸ್ ಅಂತ ಹೆಸರು ಬಿತ್ತು. 1893ರ ಷಿಕಾಗೋ ವಿಶ್ವ ಮೇಳದಲ್ಲಿ ಸ್ಯಾನ್ ಆಂಟೋನಿಯೋ ಹೆಸರಿನಲ್ಲೇ ಒಂದು ಚಿಲಿ ಅಂಗಡಿ ಇತ್ತು. ಊರಿನಲ್ಲಿ ಮಾತ್ರ ಈ ಹೆಂಗಸರನ್ನು ಒಂದು ಚೌಕದಿಂದ ಇನ್ನೊಂದಕ್ಕೆ ಓಡಿಸುತ್ತಲೇ ಇದ್ದರು. ಕೊನೆಗೆ ಆರೋಗ್ಯ ನಿಯಮದ ಹೆಸರಿನಲ್ಲಿ ಅಂಗಡಿಗಳೇ ಎದ್ದುಹೋದವು. 2017ರಲ್ಲಿ ಯುನೆಸ್ಕೋ ಈ ಊರನ್ನು ಅಡುಗೆಯ ನಗರ ಅಂತ ತನ್ನ ಪಟ್ಟಿಗೆ ಸೇರಿಸಿತು. ಓಡಿಸಿದವರಿಗೇ ಹಾರ ಬಿತ್ತು ಅನ್ನಿ.

ಈಗ ನೀವು ನೋಡುತ್ತಿರುವ ಬಣ್ಣಬಣ್ಣದ ಕಾಗದದ ತೋರಣದ ಒಳಾಂಗಣ ಇದೇ ಊರಿನ ಮಿ ಟಿಯೆರಾ ಹೋಟೆಲಿನದು. 1941ರಲ್ಲಿ ಮಾರುಕಟ್ಟೆಯ ಪಕ್ಕ ಮೂರು ಟೇಬಲ್ ಹಾಕಿ ಶುರುವಾದ ಜಾಗ. ನಸುಕಿನಲ್ಲಿ ಎದ್ದು ಬರುವ ಮಾರುಕಟ್ಟೆಯ ಕೆಲಸದವರಿಗಾಗಿ ಇದ್ದದ್ದು. ಬಾಗಿಲ ಬಳಿಯೇ ಬೇಕರಿ. ಕೋವಿಡ್ ಬರುವವರೆಗೆ ದಶಕಗಳ ಕಾಲ ಇದು 24 ಗಂಟೆಯೂ ತೆರೆದಿತ್ತು. ಪ್ರವಾಸಿಗಳ ಜಾಗ ಅಂತ ಸ್ಥಳೀಯರು ಮೂಗು ಮುರಿಯುತ್ತಾರೆ, ಆದರೆ ಹುಟ್ಟುಹಬ್ಬಕ್ಕೆ ಅಮ್ಮನನ್ನು ಕರೆದುಕೊಂಡು ಇಲ್ಲಿಗೇ ಬರುತ್ತಾರೆ.

ಅಮ್ಮ ಅಂದಾಗ ನೆನಪಾಯಿತು. ಅಮೆರಿಕದಲ್ಲಿ ಅಮ್ಮಂದಿರ ದಿನ ಮೇ ತಿಂಗಳ ಎರಡನೇ ಭಾನುವಾರ. ಮೆಕ್ಸಿಕೋದಲ್ಲಿ 1922ರಿಂದ ಅದು ಮೇ 10, ವಾರ ಯಾವುದೇ ಇರಲಿ. ಗ್ವಾಟೆಮಾಲಾ, ಎಲ್ ಸಾಲ್ವಡಾರ್‌ನಲ್ಲೂ ಮೇ 10ಕ್ಕೇ. ಇಲ್ಲಿನ ಅಮ್ಮಂದಿರಿಗೆ ಎರಡೂ ಬೇಕು! 2025ರಲ್ಲಿ ಶನಿವಾರ 10, ಭಾನುವಾರ 11, ಬೆನ್ನುಬೆನ್ನಿಗೆ ಬಂತು. ಅಡುಗೆಮನೆಯವರ ಪಾಡು ಯೋಚಿಸಿ. ಮರಿಯಾಚಿ ವಾದ್ಯದವರು ಟೇಬಲ್‌ನಿಂದ ಟೇಬಲ್‌ಗೆ ಹೋಗುತ್ತಾರೆ. ಬಿಲ್ ಯಾರು ಕೊಡಬೇಕು ಅಂತ ಅಣ್ಣ ತಮ್ಮಂದಿರು ಕ್ಯಾಷಿಯರ್ ಮುಂದೆ ಕಾರ್ಡ್ ಹಿಡಿದು ಜಗಳವಾಡುತ್ತಾರೆ. ಸಿಂಕೋ ಡೆ ಮಾಯೋ ಅನ್ನುವ ಮೆಕ್ಸಿಕನ್ ಹಬ್ಬ ಅಂತ ಅಮೆರಿಕದವರು ಮಾರ್ಗರಿಟಾ ಕುಡಿದು ಕುಣಿಯುವುದು ಮೇ 5ರಂದು. ನಾನು ಇಲ್ಲಿ ಮಾತನಾಡಿಸಿದ ಕುಟುಂಬಗಳಿಗೆ ಮೇ 10ರ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಈಗ ನನ್ನ ಒಂದು ತಕರಾರು. ಹಿಸ್ಪಾನಿಕ್ ಗ್ರಾಹಕ ಅಂದರೆ ಖಾರ ಬೇಕು ಅಂತ ದೊಡ್ಡ ಕಂಪನಿಗಳು ಅಂದುಕೊಂಡುಬಿಡುತ್ತವೆ. ಮಯಾಮಿಗೆ ಹೋಗಿ ಕ್ಯೂಬಾದವರನ್ನು ಕೇಳಿ. ಅವರ ಅಡುಗೆಯಲ್ಲಿ ಬೆಳ್ಳುಳ್ಳಿ ಇದೆ, ಹುಳಿ ಕಿತ್ತಳೆ ಇದೆ, ಖಾರ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಲ್ಲಿ ಕಾಯೆ ಓಚೋ ರಸ್ತೆಯಲ್ಲಿ 1971ರಿಂದ ಇರುವ ವರ್ಸೇಲ್ಸ್ ಹೋಟೆಲಿನ ಕಿಟಕಿಯ ಹೊರಗೆ ಜನ ನಿಂತು ಕಾಫಿ ಕುಡಿಯುತ್ತಾ ರಾಜಕೀಯ ಮಾತನಾಡುತ್ತಾರೆ. ಕೊಲಾಡಾ ಅಂತ ಕೇಳಿದರೆ ಒಂದು ಲೋಟ ಗಟ್ಟಿ ಸಿಹಿ ಕಾಫಿ, ಜೊತೆಗೆ ಬೆರಳುದ್ದದ ಖಾಲಿ ಕಪ್ಪುಗಳು ಬರುತ್ತವೆ. ಜೊತೆಗಿದ್ದವರಿಗೆ ಹಂಚಬೇಕು. ನಮ್ಮ ಬೈ ಟು ಕಾಫಿ ಇಲ್ಲಿ ಬೈ ಫೈವ್ ಆಗಿದೆ, ಅಷ್ಟೇ.

ಹ್ಯೂಸ್ಟನ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಎಲ್ ಸಾಲ್ವಡಾರ್‌ನವರ ಪುಪುಸಾ ಅಂಗಡಿಗಳಿವೆ. ದಪ್ಪ ಮೆಕ್ಕೆಜೋಳದ ರೊಟ್ಟಿಯೊಳಗೆ ಚೀಸ್, ಬೀನ್ಸ್. ಮೇಲೆ ಹುಳಿ ಬರಿಸಿದ ಎಲೆಕೋಸು. ಕೈಯಲ್ಲೇ ಮುರಿದು ತಿನ್ನಬೇಕು. ಫೋರ್ಕ್ ಕೇಳಿದರೆ ನೀವು ಹೊಸಬರು ಅಂತ ಗೊತ್ತಾಗುತ್ತದೆ. ಅಲ್ಲೂ ಖಾರ ಅಷ್ಟಕ್ಕಷ್ಟೇ. ಮೆನು ಇಷ್ಟು ಬೇರೆಬೇರೆ, ಆದರೆ ಆ ಮೂರೂ ಕಡೆ ಭಾನುವಾರ ಟೇಬಲ್ ಜೋಡಿಸುವುದು ಮಾತ್ರ ಒಂದೇ ಥರ.

ದೊಡ್ಡ ಚೈನ್‌ಗಳು ಇವರಿಂದ ಅಡುಗೆ ಕಲಿತವು, ಕೂರುವ ರೀತಿ ಕಲಿಯಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ 1937ರಿಂದ ಮಿಟ್ಲಾ ಕೆಫೆ ಅಂತ ಒಂದು ಮೆಕ್ಸಿಕನ್ ಹೋಟೆಲ್ ಇದೆ. ಅದರ ಎದುರಿಗೆ ಬರ್ಗರ್ ಅಂಗಡಿ ಇಟ್ಟಿದ್ದ ಗ್ಲೆನ್ ಬೆಲ್ ಅಲ್ಲಿನ ಗರಿಗರಿ ಟಾಕೋ ನೋಡಿ ಕಲಿತು, 1962ರಲ್ಲಿ ಡೌನಿ ಊರಲ್ಲಿ ಟಾಕೋ ಬೆಲ್ ತೆರೆದ. ಮುಂದಿನದು ನಿಮಗೆ ಗೊತ್ತು, ಬೆಂಗಳೂರಿನ ಮಾಲ್‌ಗಳವರೆಗೂ ಬಂತು. ಮಿಟ್ಲಾ ಇನ್ನೂ ಅದೇ ರಸ್ತೆಯಲ್ಲಿದೆ. ಆಮೇಲೆ ಬಂದ ಬುರಿಟೋ ಬೌಲ್ ನೋಡಿ, ಅನ್ನ, ಬೀನ್ಸ್, ಮಾಂಸ ಎಲ್ಲ ಒಂದೇ ಬಟ್ಟಲಲ್ಲಿ. ಒಬ್ಬರಿಗೆ ಒಂದು ಬೌಲ್, ಒಂದು ಮುಚ್ಚಳ. ಆಫೀಸ್ ಡೆಸ್ಕ್ ಮುಂದೆ ಒಬ್ಬರೇ ತಿನ್ನೋಕೆ ಸರಿ. ಅಜ್ಜಿಯ ಕಡೆ ತಳ್ಳುವುದು ಹೇಗೆ?

ಇದಕ್ಕೆ ತದ್ವಿರುದ್ಧ ಪೊಯೊ ಕಾಂಪೆರೊ. 1971ರಲ್ಲಿ ಗ್ವಾಟೆಮಾಲಾದಲ್ಲಿ ಶುರುವಾದ ಫ್ರೈಡ್ ಚಿಕನ್ ಅಂಗಡಿ. ಊರಿಗೆ ಹೋಗಿ ಬರುವವರು ಅದರ ಡಬ್ಬಿಗಳನ್ನು ವಿಮಾನದಲ್ಲಿ ಹೊತ್ತು ಅಮೆರಿಕಕ್ಕೆ ತರುತ್ತಿದ್ದರು. ವಿಮಾನವೆಲ್ಲ ಚಿಕನ್ ವಾಸನೆ! 2002ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೊದಲ ಅಂಗಡಿ ತೆರೆದಾಗ ಗ್ರಾಹಕರನ್ನು ಹುಡುಕಬೇಕಾಗಿ ಬರಲಿಲ್ಲ.

ಇನ್ನೊಂದು ವಿಷಯ ಸುಮ್ನೆ ಬಿಡುವಂಥದ್ದಲ್ಲ. ಅಮೆರಿಕದ ಹೋಟೆಲ್ ಕೆಲಸಗಾರರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ಹಿಸ್ಪಾನಿಕ್ ಜನ. ಇಟಾಲಿಯನ್ ಹೋಟೆಲಿನ ಪಾಸ್ತಾ, ಜಪಾನಿ ಹೋಟೆಲಿನ ಪಾತ್ರೆ, ನಮ್ಮ ದೋಸೆ ಹೋಟೆಲಿನ ಹಿಂಬದಿಯ ಅಡುಗೆಮನೆ, ಎಲ್ಲ ಕಡೆ ಇವರ ಕೈ ಇದೆ. ವಾರವಿಡೀ ಬೇರೆಯವರ ಟೇಬಲ್‌ಗೆ ಬೇಯಿಸುವವರು ರಜೆಯ ದಿನ ಕೂತು ಬಡಿಸಿಕೊಳ್ಳುತ್ತಾರೆ. ಅದಕ್ಕೇ ಇರಬೇಕು, ಸರ್ವರ್‌ಗಳ ಜೊತೆ ಅಷ್ಟು ಮರ್ಯಾದೆಯಿಂದ ಮಾತನಾಡುತ್ತಾರೆ.

2025ರಲ್ಲಿ ಈ ಚಿತ್ರ ಸ್ವಲ್ಪ ಬದಲಾಯಿತು. ಅಮೆರಿಕದಲ್ಲಿ ಮೊಡೆಲೊ, ಕರೋನಾ ಬಿಯರ್ ಮಾರುವ ಕಾನ್ಸ್ಟಲೇಷನ್ ಬ್ರ್ಯಾಂಡ್ಸ್ ಕಂಪನಿಯ ಬಿಯರ್ ಮಾರಾಟದಲ್ಲಿ ಸುಮಾರು ಅರ್ಧ ಹಿಸ್ಪಾನಿಕ್ ಗ್ರಾಹಕರದ್ದು. ಇವರು ಹೊರಗೆ ಸೇರುವುದು, ಪಾರ್ಟಿ ಮಾಡುವುದು ಕಡಿಮೆಯಾಗಿದೆ ಅಂತ ಆ ಕಂಪನಿಯೇ ಆ ವರ್ಷ ಹೇಳಿತು. ಕೆಲಸದ ಚಿಂತೆ, ಬೆಲೆ ಏರಿಕೆ, ಜೊತೆಗೆ ವಲಸೆ ಇಲಾಖೆಯ ದಾಳಿಗಳ ಭಯ. ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ದಾಳಿ ನಡೆದಾಗ ಎಷ್ಟೋ ಬೀದಿಗಳಲ್ಲಿ ತಿಂಡಿ ಗಾಡಿಗಳೇ ಬರಲಿಲ್ಲ. ಗಾಡಿಯವರೂ ಅವರೇ, ತಿನ್ನುವವರೂ ಅವರೇ. ಕಾಗದಪತ್ರ ಸರಿ ಇದ್ದವರೂ, ಮನೆಯಲ್ಲಿ ಒಬ್ಬರಿಗೆ ಅದು ಇಲ್ಲದಿದ್ದರೆ, ಇಡೀ ಕುಟುಂಬವಾಗಿ ಹೊರಗೆ ಕಾಣಿಸಿಕೊಳ್ಳೋಕೆ ಹೆದರುತ್ತಾರೆ. ಎಲ್ಲರೂ ಬರಲಾಗದಿದ್ದರೆ ಯಾರೂ ಬರುವುದಿಲ್ಲ. ಆಗ ಪಾರ್ಸೆಲ್ಲೇ ಗತಿ. ಒಬ್ಬ ಮಗ ಬಂದು ನಾಲ್ಕು ಪೌಂಡ್ ಕಟ್ಟಿಸಿಕೊಂಡು ಹೋಗುತ್ತಾನೆ.

ನೀವು ಈ ಕಡೆ ಬರುವುದಾದರೆ ಶನಿವಾರ ಅಥವಾ ಭಾನುವಾರ ಬೆಳಗ್ಗೆ ಬೇಗ ಹೋಗಿ. ಕೈಯಲ್ಲಿ ಸ್ವಲ್ಪ ನಗದು ಇರಲಿ, ಚಿಕ್ಕ ಅಂಗಡಿಗಳಲ್ಲಿ ಬೇಕಾಗುತ್ತದೆ. ಬಾರ್ಬಕೋವಾದಲ್ಲಿ ಕೆನ್ನೆಯ ಮಾಂಸ ಬೇಕಿದ್ದರೆ ಕಚೇಟೆ ಅಂತ ಕೇಳಿ, ನಾಲಿಗೆ ಬೇಕಿದ್ದರೆ ಲೆಂಗ್ವಾ. ಕಚೇಟೆಗೆ ಬೇಡಿಕೆ ಜಾಸ್ತಿ, ತಡವಾದರೆ ಸಿಗುವುದಿಲ್ಲ. ಮತ್ತೆ ಅರ್ಧ ಪೌಂಡ್ ಕೇಳೋಕೆ ಸಂಕೋಚ ಬೇಡ, ಕೊಡುತ್ತಾರೆ. ಉಳಿದವರೆಲ್ಲ ಎಲ್ಲಿ ಅಂತ ಒಂದು ಸಲ ನಿಮ್ಮ ಹಿಂದೆ ನೋಡುತ್ತಾರೆ, ಅಷ್ಟೇ.