ಕರೆಂಟ್ ಹೋಗಿ ಬಂದ ಮೇಲೆ ವರ್ಚುವಲ್ ಮಷೀನ್ ಏಳದಿದ್ದರೆ

ನಮಸ್ಕಾರ. ಹಿಂದೆ ಕೇಳಿಸ್ತಿರೋದು ತೀರ್ಥಹಳ್ಳಿಯ ಆಷಾಢದ ಮಳೆ. ಮೈಕ್ ಎಲ್ಲಿಟ್ಟರೂ ಹೆಂಚಿನ ಸದ್ದು ಬಂದೇ ಬರುತ್ತೆ, ಸ್ವಲ್ಪ ಹೊಂದಿಕೊಳ್ಳಿ. ಈ ಕಾಲದಲ್ಲಿ ಮಲೆನಾಡಲ್ಲಿ ಲೈನಿನ ಮೇಲೆ ಕೊಂಬೆ ಬೀಳೋದು, ಕರೆಂಟ್ ಹೋಗೋದು ಇದ್ದದ್ದೇ. ಆ ಹೊತ್ತಿಗೆ ವರ್ಚುವಲ್‌ಬಾಕ್ಸ್ ಒಳಗೆ, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ (ವರ್ಚುವಲ್ ಮಷೀನ್) ಓಡಿಸೋ ಸಾಫ್ಟ್‌ವೇರಿನೊಳಗೆ, ಉಬುಂಟು ಲಿನಕ್ಸ್ ಓಡ್ತಾ ಇದ್ದರೆ?

ಈ ಪರದೆ ನೋಡಿ. ಕರೆಂಟ್ ಬಂತು, ವರ್ಚುವಲ್ ಮಷೀನ್ ಆನ್ ಮಾಡಿದ್ದಾಯ್ತು, ಡೆಸ್ಕ್‌ಟಾಪ್ ಬರಲಿಲ್ಲ. ಕಪ್ಪು ಪರದೆಯ ಕೆಳಗೆ ‘ಇನಿಟ್‌ರಾಮ್‌ಎಫ್‌ಎಸ್’ ಅಂತ ಒಂದು ಪದ, ಪಕ್ಕದಲ್ಲಿ ಮಿನುಗೋ ಕರ್ಸರ್. ಡಿಸ್‌ಪ್ಲೇ ಹಾಳಾಯ್ತು ಅಂತ ಗ್ರಾಫಿಕ್ಸ್ ಸೆಟ್ಟಿಂಗ್‌ಗೆ ಕೈ ಹಾಕಬೇಡಿ, ಪರದೆ ಸರಿಯಾಗೇ ಇದೆ. ಡಿಸ್ಕಿಗೆ ಬರೀತಿದ್ದದ್ದು ಅರ್ಧಕ್ಕೇ ನಿಂತು ಫೈಲ್‌ಸಿಸ್ಟಂನ (ಯಾವ ಫೈಲ್ ಎಲ್ಲಿದೆ ಅನ್ನೋ ವ್ಯವಸ್ಥೆಯ) ಲೆಕ್ಕ ತಪ್ಪಿದೆ. ಡಿಸ್ಕಿನ ಯಾವ ಭಾಗ, ಅಂದರೆ ಯಾವ ಪಾರ್ಟಿಷನ್ ಅನ್ನೋದು ಮೇಲಿನ ಸಾಲುಗಳಲ್ಲೇ ಇದೆ: ಇಲ್ಲಿ ಡೆವ್ ಎಸ್‌ಡಿಎ2 (/dev/sda2).

ರಿಪೇರಿಗೆ ಮುಂಚೆ ಒಂದು ಕೆಲಸ, ದಯವಿಟ್ಟು ಬಿಡಬೇಡಿ. ಮಷೀನ್ ಆಫ್ ಮಾಡಿ, ಅದರ ಡಿಸ್ಕ್ ಆಗಿರೋ ವಿಡಿಐ ಫೈಲನ್ನ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ. ಸ್ನ್ಯಾಪ್‌ಶಾಟ್ (ಮಷೀನಿನ ಒಂದು ಹೊತ್ತಿನ ಸ್ಥಿತಿ ಉಳಿಸಿಟ್ಟದ್ದು) ಇದ್ದರೆ ಮಷೀನಿನ ಫೋಲ್ಡರನ್ನ ಪೂರ್ತಿ ಕಾಪಿ ಮಾಡಿ. ಆಮೇಲೆ ಮತ್ತೆ ಆನ್ ಮಾಡಿ, ಅದೇ ಕರ್ಸರ್ ಮುಂದೆ ಫೈಲ್‌ಸಿಸ್ಟಂ ಪರೀಕ್ಷಿಸಿ ಸರಿಮಾಡೋ ಕಮ್ಯಾಂಡ್ ಟೈಪ್ ಮಾಡಿ: ‘ಎಫ್‌ಎಸ್‌ಸಿಕೆ’ (fsck), ಸ್ಪೇಸ್, ‘-ವೈ’, ಸ್ಪೇಸ್, ಪಾರ್ಟಿಷನ್ ಹೆಸರು, ಎಂಟರ್. ಈ ‘-ವೈ’ ಇದೆಯಲ್ಲ, ಕೇಳಿದ ಪ್ರತಿ ಪ್ರಶ್ನೆಗೂ ಹೌದು ಅಂದುಬಿಡುತ್ತೆ. ಹೆಸರು ಕಳ್ಕೊಂಡ ಫೈಲ್‌ಗಳು ‘ಲಾಸ್ಟ್+ಫೌಂಡ್’ ಫೋಲ್ಡರಿಗೆ ಹೋಗಿ ನಂಬರಾಗಿ ಕೂರಬಹುದು. ಕಾಪಿ ಇಟ್ಕೊಳ್ಳಿ ಅಂದದ್ದು ಅದಕ್ಕೇ. ಮುಗಿದ ಮೇಲೆ ‘ಎಕ್ಸಿಟ್’ ಅಂತ ಟೈಪ್ ಮಾಡಿದರೆ ಬೂಟ್ ಮುಂದುವರಿಯುತ್ತೆ.

ಇದು ಪದೇ ಪದೇ ಆಗ್ತಿದ್ದರೆ ಎರಡು ಕಡೆ ನೋಡಿ. ಮನೆಯ ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನ ಹಾಕಿ. ಸಾದಾ ಮೋಡಲ್ಲಿ ಬ್ಯಾಟರಿಗೆ ಬದಲಾಗೋಕೆ ಹಿಡಿಯೋ ಸಮಯಕ್ಕೆ ಫ್ಯಾನು ನಿಲ್ಲಲ್ಲ, ಆದರೆ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಿಬಿಡಬಹುದು. ಎರಡನೇದು, ವರ್ಚುವಲ್ ಮಷೀನಿನ ಸ್ಟೋರೇಜ್ ಸೆಟ್ಟಿಂಗಲ್ಲಿರೋ ‘ಯೂಸ್ ಹೋಸ್ಟ್ ಐ/ಒ ಕ್ಯಾಶ್’. ವೇಗಕ್ಕೆ ಅಂತ ಅದನ್ನ ಟಿಕ್ ಮಾಡಿದ್ದರೆ ತೆಗೆಯಿರಿ. ಟಿಕ್ ಇದ್ದಾಗ ಬರೆದದ್ದು ಡಿಸ್ಕ್ ಮುಟ್ಟೋ ಮೊದಲು ಹೊರಗಿನ ಕಂಪ್ಯೂಟರಿನ ರ‍್ಯಾಮಲ್ಲಿ ಕಾಯ್ತಾ ಇರುತ್ತೆ, ಕರೆಂಟ್ ಹೋದರೆ ಅಷ್ಟೂ ಹೋಯ್ತು.

ಈಗ ಇನ್ನೊಂದು ತೊಂದರೆ. ಕೆಲಸದ ನಡುವೆ ಮಷೀನ್ ತಾನಾಗೇ ಅರ್ಧಕ್ಕೆ ನಿಲ್ಲುತ್ತೆ (ಪಾಝ್), ಹೋಸ್ಟ್ ಡಿಸ್ಕ್, ಅಂದರೆ ಹೊರಗಿನ ಕಂಪ್ಯೂಟರಿನ ಡಿಸ್ಕ್, ತುಂಬಿದೆ ಅಂತ ಮೆಸೇಜ್ ಬರುತ್ತೆ. ಗಾಬರಿಯಲ್ಲಿ ಪವರ್ ಆಫ್ ಒತ್ತಬೇಡಿ. ಹೊರಗೆ ಒಂದೆರಡು ಜಿಬಿ ಜಾಗ ಮಾಡಿ, ಬಲಗಡೆ ಕಂಟ್ರೋಲ್ ಜೊತೆ ಪಿ ಒತ್ತಿದರೆ ನಿಂತಲ್ಲಿಂದಲೇ ಮುಂದುವರಿಯುತ್ತೆ. ಆದರೆ ಜಾಗ ಮಾಡೋಕೆ ಅಂತ ‘ಸ್ನ್ಯಾಪ್‌ಶಾಟ್ಸ್’ ಫೋಲ್ಡರೊಳಗಿನ ಫೈಲ್‌ಗಳನ್ನ ಮಾತ್ರ ಅಳಿಸಬೇಡಿ. ಅವು ಹಳೇ ಬ್ಯಾಕಪ್ ಅಲ್ಲ, ಸ್ನ್ಯಾಪ್‌ಶಾಟ್ ತೆಗೆದ ಮೇಲಿನ ನಿಮ್ಮ ಕೆಲಸವೆಲ್ಲ ಇರೋದು ಅಲ್ಲೇ. ಒಂದು ಕೊಂಡಿ ಕಳಚಿದರೂ ಮಷೀನ್ ಏಳಲ್ಲ. ಅಳಿಸೋದಿದ್ದರೆ ವರ್ಚುವಲ್‌ಬಾಕ್ಸ್ ಒಳಗಿಂದಲೇ ಅಳಿಸಿ. ಅದು ಫೈಲ್‌ಗಳನ್ನ ಒಂದಕ್ಕೊಂದು ಬೆಸೆಯುತ್ತೆ, ಅದಕ್ಕೂ ಹೋಸ್ಟಲ್ಲಿ ಖಾಲಿ ಜಾಗ ಬೇಕು.

ಹೊರಗೆ ಜಾಗ ಇದ್ದೂ ಒಳಗೆ ತುಂಬಿದ್ದರೆ ಡಿಸ್ಕನ್ನೇ ಹಿಗ್ಗಿಸಬಹುದು. ಸ್ನ್ಯಾಪ್‌ಶಾಟ್ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ, ಮಷೀನ್ ಆಫ್ ಇರಲಿ. ‘ವಿಬಾಕ್ಸ್‌ಮ್ಯಾನೇಜ್ ಮಾಡಿಫೈಮೀಡಿಯಂ’ ಕಮ್ಯಾಂಡಿನ ‘ರೀಸೈಜ್’ ಲೆಕ್ಕ ಎಂಬಿಯಲ್ಲಿ: 60 ಜಿಬಿ ಬೇಕಾದರೆ 61440. ಇಷ್ಟಕ್ಕೇ ಒಳಗಿನ ಉಬುಂಟುಗೆ ಹೊಸ ಜಾಗ ಸಿಗಲ್ಲ. ಜಮೀನು ಬಂತು, ಬೇಲಿ ಹಳೇ ಜಾಗದಲ್ಲೇ ಇದೆ. ಒಳಗೆ ಹೋಗಿ ಮೊದಲು ಪಾರ್ಟಿಷನ್ ಹಿಗ್ಗಿಸೋ ‘ಗ್ರೋಪಾರ್ಟ್’, ಆಮೇಲೆ ಫೈಲ್‌ಸಿಸ್ಟಂ ಹಿಗ್ಗಿಸೋ ‘ರೀಸೈಜ್2ಎಫ್‌ಎಸ್’. ಹತ್ತಿರದಿಂದ ನೋಡಿ: ಗ್ರೋಪಾರ್ಟಲ್ಲಿ ಎಸ್‌ಡಿಎ ಆದ ಮೇಲೆ ಒಂದು ಸ್ಪೇಸ್, ಆಮೇಲೆ 2. ರೀಸೈಜ್2ಎಫ್‌ಎಸ್‌ನಲ್ಲಿ ಸ್ಪೇಸ್ ಇಲ್ಲ, ಎಸ್‌ಡಿಎ2. ಕೊನೆಗೆ ‘ಡಿಎಫ್ -ಎಚ್’ ಕೊಟ್ಟು ಜಾಗ ಬಂತಾ ನೋಡಿ. ಒಳಗಿರೋದು ವಿಂಡೋಸ್ ಆದರೆ ಸಿ ಡ್ರೈವ್ ಪಕ್ಕದಲ್ಲೇ ರಿಕವರಿ ಪಾರ್ಟಿಷನ್ ಅಡ್ಡ ಕೂತು ಅದನ್ನ ಹಿಗ್ಗಿಸೋ ‘ಎಕ್ಸ್‌ಟೆಂಡ್’ ಆಯ್ಕೆ ಮಸುಕಾಗಿರಬಹುದು.

ಇನ್ನು ನಿಜವಾದ ಡಿಸ್‌ಪ್ಲೇ ತೊಂದರೆ. ಇದು ಹಗುರದ್ದು, ಡೇಟಾಗೆ ಅಪಾಯ ಇಲ್ಲ. ಪರದೆ 800×600ಕ್ಕೆ ಅಂಟ್ಕೊಂಡಿದ್ದರೆ ಗೆಸ್ಟ್ ಅಡಿಷನ್ಸ್ (ಮಷೀನಿನೊಳಗೆ ಹಾಕೋ ವರ್ಚುವಲ್‌ಬಾಕ್ಸಿನ ಡ್ರೈವರ್‌ಗಳು) ಕೂತಿಲ್ಲ ಅಂತ ಅನುಮಾನಿಸಿ. ‘ಬಿಲ್ಡ್-ಎಸೆನ್ಷಿಯಲ್’ ಮತ್ತು ಓಡ್ತಿರೋ ಕರ್ನಲ್‌ದೇ (ಲಿನಕ್ಸಿನ ತಿರುಳಿನದೇ) ಹೆಡರ್ಸ್ ಮೊದಲು ಹಾಕಿ, ಇಲ್ಲದಿದ್ದರೆ ಅದರ ಮಾಡ್ಯೂಲ್ ಕಟ್ಟೋಕಾಗಲ್ಲ. ಲಿನಕ್ಸಿಗೆ ಗ್ರಾಫಿಕ್ಸ್ ಕಂಟ್ರೋಲರ್ ವಿಎಂಎಸ್‌ವಿಜಿಎ, ವಿಂಡೋಸಿಗೆ ವಿಬಾಕ್ಸ್‌ಎಸ್‌ವಿಜಿಎ. ವಿಡಿಯೋ ಮೆಮೊರಿ 16 ಇದ್ದರೆ 128 ಎಂಬಿ ಮಾಡಿ. ಲಾಗಿನ್ ಆದ ಕೂಡಲೇ ಪರದೆ ಕಪ್ಪಾಗೋದಾದರೆ 3ಡಿ ಆಕ್ಸಿಲರೇಷನ್ ಟಿಕ್ ತೆಗೆದು ನೋಡಿ. ಕರ್ನಲ್ ಅಪ್‌ಡೇಟ್ ಆದ ಮಾರನೇ ದಿನ ಪರದೆ ಮತ್ತೆ ಚಿಕ್ಕದಾದರೆ, ಹೊಸ ಹೆಡರ್ಸ್ ಹಾಕಿ ‘ಸುಡೋ ಆರ್‌ಸಿವಿಬಾಕ್ಸ್‌ಆಡ್ ಸೆಟಪ್’ ಕೊಟ್ಟು ಮಷೀನ್ ರೀಸ್ಟಾರ್ಟ್ ಮಾಡಿ.