ಇಟ್ಟಿಗೆ ಗೋಡೆಗೆ ಗಾಜಿನ ರೇಟು ಹೇಳಬೇಡಿ

"ಗೋಡೆಗೆ ವಿನೈಲ್ ಹಾಕೋಕೆ ಚದರ ಅಡಿಗೆ ಎಷ್ಟು?" ಅಂತ ಫೋನಲ್ಲಿ ಕೇಳ್ತಾರೆ. ವಿನೈಲ್ ಅಂದ್ರೆ ಚಿತ್ರ ಪ್ರಿಂಟ್ ಮಾಡಿ ಅಂಟಿಸೋ ತೆಳ್ಳನೆ ಪ್ಲಾಸ್ಟಿಕ್ ಫಿಲ್ಮ್. ಈ ಕಡೆಯಿಂದ ತಕ್ಷಣ ಒಂದು ರೇಟು ಹೋಗತ್ತೆ. ಗಾಜು, ಸನ್‌ಬೋರ್ಡ್ (ನುಣುಪಾದ ಫೋಮ್ ಹಲಗೆ) ಆದ್ರೆ ತೊಂದರೆ ಇಲ್ಲ. ಇಟ್ಟಿಗೆ ಗೋಡೆಗೋ ಸಿಮೆಂಟ್ ಬ್ಲಾಕಿನ ಗೋಡೆಗೋ ಅದೇ ರೇಟು ಹೇಳಿದ್ರೆ, ಆ ಕೆಲಸ ಅಲ್ಲೇ ಕೆಟ್ಟಿತು ಅಂತ ತಿಳ್ಕೊಳ್ಳಿ. ಕಡಿಮೆ ರೇಟಲ್ಲಿ ಒಪ್ಪಿಕೊಂಡವನು ಅಗ್ಗದ ಫಿಲ್ಮ್ ತರ್ತಾನೆ, ಗೋಡೆ ಪರೀಕ್ಷೆ ಬಿಡ್ತಾನೆ, ಎರಡು ದಿನದ ಕೆಲಸಾನ ಅರ್ಧ ದಿನಕ್ಕೆ ಮುಗಿಸ್ತಾನೆ. ಎಲ್ಲದರ ಮೂಲ ಆ ಒಂದು ರೇಟು.

ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ನಮ್ಮಲ್ಲಿ ಮಾಡ್ಯುಲರ್ ಇಟ್ಟಿಗೆಯ ಮುಖ 190 ಮಿಲಿಮೀಟರ್ ಉದ್ದ, 90 ಎತ್ತರ. ಸುತ್ತ 10 ಮಿಲಿಮೀಟರ್ ಗಾರೆ ಸಂದು. ಆ ಸಂದು 10 ಮಿಲಿಮೀಟರ್ ಒಳಗೆ ಕೆರೆದಿದ್ದರೆ ಇಟ್ಟಿಗೆಯ ನಾಲ್ಕೂ ಬದಿಗಳು ಸೇರಿ ಮೇಲ್ಮೈ 28% ಹೆಚ್ಚಾಗತ್ತೆ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಇಟ್ಟಿಗೆ ಮುಖಕ್ಕೆ ಫಿಲ್ಮ್ ಮೊದಲೇ ಕಚ್ಚಿಕೊಂಡಿರತ್ತೆ, ಅಲ್ಲಿಂದ ಅದು ಜಾರಿ ಬರಲ್ಲ. ಹಾಗಾಗಿ ಸಂದಿನ ಮೇಲಿರೋ 10 ಮಿಲಿಮೀಟರ್ ಫಿಲ್ಮೇ ಒಳಗಿಳಿದು, ತಳ ಮುಟ್ಟಿ, ಮೇಲೆ ಬರಬೇಕು. ಅಂದ್ರೆ 30 ಮಿಲಿಮೀಟರ್, ಮೂರು ಪಟ್ಟು ಹಿಗ್ಗಬೇಕು. ಸಂದಿನ ಆಳ 5 ಇದ್ದರೆ ಎರಡು ಪಟ್ಟು, 3 ಇದ್ದರೆ 16 ಮಿಲಿಮೀಟರ್. ಆದ್ದರಿಂದ ಮೊದಲು ಜೇಬಿಂದ ತೆಗೀಬೇಕಾದ್ದು ಟೇಪ್ ಅಲ್ಲ, ಆಳ ಅಳೆಯೋ ಸ್ಕೇಲು. 5 ಮಿಲಿಮೀಟರ್‌ಗಿಂತ ಆಳ ಇದ್ದರೆ ಕೆಲಸ ಬೇಡ ಅನ್ನಿ, ಇಲ್ಲಾಂದ್ರೆ ಎಸಿಪಿ ಶೀಟ್ (ಎರಡೂ ಕಡೆ ಅಲ್ಯೂಮಿನಿಯಂ ಇರೋ ಹಲಗೆ) ಮೇಲೆ ಗ್ರಾಫಿಕ್ ಹಾಕಿ ಗೋಡೆಗೆ ಸ್ಕ್ರೂ ಮಾಡಿ. ಕರಾವಳಿಯ ಮುರಕಲ್ಲಿನ ಗೋಡೆ, ಒಡೆದ ಸೈಜ್ ಕಲ್ಲಿನ ಗೋಡೆ, ಇವೆರಡಕ್ಕೂ ಅದೇ ಮಾತು. ಮುರಕಲ್ಲು ಕೈಗೇ ಪುಡಿಯಾಗಿ ಬರತ್ತೆ, ಅಂಟು ಆ ಪುಡಿಯನ್ನಷ್ಟೇ ಹಿಡ್ಕೊಳ್ಳತ್ತೆ.

ಈಗ ಫಿಲ್ಮ್. ಅಂಗಡಿಯಲ್ಲಿ ಸಿಗೋ ಸಾಮಾನ್ಯ ವಿನೈಲ್ ಕ್ಯಾಲೆಂಡರ್ಡ್, ಬಿಸಿ ರೋಲರ್‌ಗಳ ನಡುವೆ ಒತ್ತಿ ಎಳೆದು ಮಾಡಿದ್ದು. ಆ ಎಳೆತ ಒಳಗೇ ಉಳಿದಿರತ್ತೆ. ನೀವು ಬಿಸಿ ಮಾಡಿ ಸಂದಿಗೆ ತುರುಕಿದ್ರೂ ಬಿಸಿಲು ಬಿದ್ದಾಗ ಅದು ಮೊದಲಿನ ಆಕಾರಕ್ಕೆ ಹೋಗೋಕೆ ನೋಡತ್ತೆ, ಸಂದಿನ ಮೇಲೆ ಡೇರೆ ಕಟ್ಟಿದ ಹಾಗೆ ಎದ್ದು ನಿಲ್ಲತ್ತೆ. ಬೇಕಾದ್ದು ಕಾಸ್ಟ್ ಫಿಲ್ಮ್, ದ್ರವವಾಗಿ ಸುರಿದು ಒಣಗಿಸಿದ್ದು, ಸುಮಾರು 50 ಮೈಕ್ರಾನ್. ಒರಟು ಗೋಡೆಗೆ ಅಂತಲೇ ಬರೋದಿದೆ, 3ಎಂನ ಐಜೆ8624, ಅದರ ಜೋಡಿ ಲ್ಯಾಮಿನೇಟ್, ಅಂದ್ರೆ ಪ್ರಿಂಟಿನ ಮೇಲೆ ಹಾಕೋ ಪಾರದರ್ಶಕ ಫಿಲ್ಮ್, 8524. ಬೇರೆ ಕಂಪನಿ ತಗೊಂಡ್ರೂ ಲ್ಯಾಮಿನೇಟ್ ಕೂಡ ಕಾಸ್ಟ್ ಆಗಿರಲೇಬೇಕು. ಒಳ್ಳೇ ಫಿಲ್ಮಿನ ಮೇಲೆ ದಪ್ಪ ಕ್ಯಾಲೆಂಡರ್ಡ್ ಲ್ಯಾಮಿನೇಷನ್ ಹಾಕಿದ್ರೆ ಕೊಟ್ಟ ದುಡ್ಡೆಲ್ಲ ನೀರಿಗೆ. ಇಕೋ ಸಾಲ್ವೆಂಟ್ (ದ್ರಾವಕ ಇರೋ ಇಂಕಿನ) ಪ್ರಿಂಟ್ ಆದ್ಮೇಲೆ ಲ್ಯಾಮಿನೇಷನ್‌ಗೆ ಮುಂಚೆ 24 ಗಂಟೆ ಒಣಗೋಕೆ ಬಿಡಿ.

ರೇಟಿಗೆ ಬರೋಣ. ಒಂದು ಕೆಫೆಯ ಇಟ್ಟಿಗೆ ಗೋಡೆ, 12 ಅಡಿ ಅಗಲ, 8 ಅಡಿ ಎತ್ತರ, 96 ಚದರ ಅಡಿ. ರೋಲಿನ ಅಗಲ 54 ಇಂಚು. ಅರ್ಧ ಇಂಚು ಓವರ್‌ಲ್ಯಾಪ್, ನಾಲ್ಕೂ ಕಡೆ 2 ಇಂಚು ಬ್ಲೀಡ್ (ಕತ್ತರಿಸಿ ತೆಗೆಯೋಕೆ ಬಿಡೋ ಹೆಚ್ಚುವರಿ ಅಂಚು) ಹಿಡಿದ್ರೆ ಮೂರು ಪ್ಯಾನೆಲ್ ಬೇಕು, ಒಂದೊಂದೂ 100 ಇಂಚು ಉದ್ದ. ಅದು 112.5 ಚದರ ಅಡಿ. ಪ್ರಿಂಟರಲ್ಲಿ, ಲ್ಯಾಮಿನೇಟರಲ್ಲಿ ಶುರುವಿಗೆ ಕೊನೆಗೆ ಹೋಗೋ ಎರಡು ಅಡಿ ಸೇರಿಸಿದ್ರೆ 121.5. ಲೆಕ್ಕಕ್ಕೆ ಅಂತ ಫಿಲ್ಮ್, ಇಂಕು, ಲ್ಯಾಮಿನೇಷನ್ ಸೇರಿ ಚದರ ಅಡಿಗೆ 100 ರೂಪಾಯಿ ಖರ್ಚು ಅಂದ್ಕೊಳ್ಳಿ. ಗೋಡೆ ಅಳತೆಗೆ ಬಿಲ್ ಹಾಕಿದವನು 2,550 ರೂಪಾಯಿ ಕೈಯಿಂದ ಹಾಕ್ದ, ಕೂಲಿ ಇನ್ನೂ ಶುರುವೇ ಆಗಿಲ್ಲ. ಸಾಮಾನಿಗೆ ಉಪಯೋಗಿಸಿದ ಫಿಲ್ಮಿನ ಲೆಕ್ಕ, ಕೂಲಿಗೆ ಗಂಟೆ ಲೆಕ್ಕ, ಇದೇ ಸರಿಯಾದ ದಾರಿ ಅನ್ನೋದು ನಮ್ಮ ಖಚಿತ ಅಭಿಪ್ರಾಯ. ನುಣುಪು ಗೋಡೆಗೆ ಹಿಡಿಯೋ ಸಮಯದ ಮೂರು ಪಟ್ಟು ಇಟ್ಟುಕೊಳ್ಳಿ. ಗೋಡೆ ಪರೀಕ್ಷೆ, ಸ್ಕ್ಯಾಫೋಲ್ಡಿಂಗ್, ಮುಂದೆ ಕಿತ್ತು ತೆಗೆಯೋದು, ಇವು ಬೇರೆ ಬೇರೆ ಸಾಲುಗಳು. ತೆಗೆಯುವಾಗ ಪೇಂಟ್ ಎದ್ದು ಬರಬಹುದು ಅಂತ ಕೊಟೇಶನ್‌ನಲ್ಲೇ ಬರೆದಿಡಿ.

ಪರೀಕ್ಷೆಗೆ ದುಡ್ಡು ತಗೊಳ್ಳೋಕೆ ಸಂಕೋಚ ಬೇಡ. ಅಂಗೈಯಿಂದ ಗೋಡೆ ಉಜ್ಜಿ, ಬಿಳಿ ಪುಡಿ ಹತ್ತಿದ್ರೆ ಅಲ್ಲಿ ಅಂಟು ನಿಲ್ಲಲ್ಲ. ತೇವ ನೋಡೋಕೆ ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ 16 ಗಂಟೆ ಬಿಡಿ. ಒಳಗೆ ಬೆವರಿದ್ರೆ ಕೆಲಸ ಮುಂದಕ್ಕೆ ಹಾಕಿ. ಕಾಂಪೌಂಡ್ ಗೋಡೆಯ ಬುಡದ ಎರಡು ಅಡಿ ನೆಲದಿಂದ ನೀರು ಹೀರತ್ತೆ, ಗ್ರಾಫಿಕ್ ಅದರ ಮೇಲಿಂದಲೇ ಶುರುವಾಗಲಿ. ಹೊಸ ಪ್ಲಾಸ್ಟರಿಗೆ 28 ದಿನ ಆಗಿರಲೇಬೇಕು. ಪೇಂಟ್ ಆಗಿದ್ದರೆ ಯಾವ ಪೇಂಟು ಕೇಳಿ. ಧೂಳು ಹಿಡಿಯದ, ತೊಳೆಯಬಹುದಾದ ಪೇಂಟುಗಳಲ್ಲಿ ಸಿಲಿಕೋನ್ ಥರದ ಪದಾರ್ಥ ಇರಬಹುದು. ಕೊಳೆ ಅಂಟಬಾರದು ಅಂತ ಮಾಡಿದ್ದಕ್ಕೆ ವಿನೈಲೂ ಅಂಟಲ್ಲ. ಕೊನೆಗೆ, ಅದೇ ಫಿಲ್ಮಿನ ಎರಡು ಇಂಚಿನ ಪಟ್ಟಿ ಬಿಸಿ ಮಾಡಿ ಹಾಕಿ, ಮಾರನೇ ದಿನ ಎಳೆದು ನೋಡಿ. ಸಲೀಸಾಗಿ ಬಂದ್ರೆ, ಅಥವಾ ಪೇಂಟ್ ಸಮೇತ ಬಂದ್ರೆ, ಗಿರಾಕಿಗೆ ಆ ಪಟ್ಟೀನೇ ತೋರಿಸಿ.

ಹಾಕೋ ದಿನ ಗೋಡೆಯ ಧೂಳು ತೆಗೆಯೋಕೆ ನೈಲಾನ್ ಬ್ರಷ್, ಆಮೇಲೆ ಬ್ಲೋವರ್. ನೀರು ಹಾಕಿ ತೊಳೆದಿದ್ದರೆ ಎರಡು ದಿನವಾದ್ರೂ ಒಣಗಬೇಕು, ಮಳೆಗಾಲದ ಮಂಗಳೂರಲ್ಲಿ ಎರಡು ದಿನ ಸಾಲಲ್ಲ. ಬಿಸಿ ಗಾಳಿ ಊದೋ ಹೀಟ್ ಗನ್ 2000 ವ್ಯಾಟಿನದು, 500 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಅದು ಸುಮಾರು 9 ಆಂಪಿಯರ್ ಎಳೆಯತ್ತೆ, 6 ಆಂಪಿಯರ್ ಸಾಕೆಟ್ಟಿಗೆ ಹಾಕಬೇಡಿ. 16 ಆಂಪಿಯರ್ ಪಾಯಿಂಟ್ ಎಲ್ಲಿದೆ ಅಂತ ಮೊದಲೇ ನೋಡಿಕೊಂಡು ಬನ್ನಿ. ಮೊದಲು ಇಟ್ಟಿಗೆ ಮುಖಗಳಿಗೆ ಮಾತ್ರ ತಣ್ಣಗೆ ಒತ್ತಿ ಕೂರಿಸಿ. ಸಂದಿಗೆ ಸ್ಕ್ವೀಜಿ (ಒತ್ತಿ ಕೂರಿಸೋ ಚಪ್ಪಟೆ ಪಟ್ಟಿ) ಸಾಲಲ್ಲ. ಗನ್ ಮುಂದೆ, ಒಂದೆರಡು ಇಂಚು ಹಿಂದೆ ಫೋಮ್ ರೋಲರ್, ಫಿಲ್ಮ್ ಬಿಸಿ ಇದ್ದಾಗಲೇ ಸಂದಿಗೆ ಒತ್ತಬೇಕು. ಗಾಳಿ ಸಿಕ್ಕಿಹಾಕಿಕೊಂಡ ಕಡೆ ಬಿಸಿ ಮಾಡೋಕೆ ಮುಂಚೆ ಸೂಜಿಯಿಂದ ಚುಚ್ಚಿ. ಚುಚ್ಚದೆ ಬಿಸಿ ಮಾಡಿದ್ರೆ ಗಾಳಿ ಹಿಗ್ಗಿ ಗುಳ್ಳೆ ದೊಡ್ಡದಾಗತ್ತೆ, ತೆಳ್ಳಗಾದ ಫಿಲ್ಮ್ ತೂತು ಬೀಳತ್ತೆ. ಅಂಚು ಇಟ್ಟಿಗೆ ಮುಖದ ಮೇಲೆ ಮುಗೀಲಿ, ಸಂದಿನ ಮಧ್ಯೆ ಅಲ್ಲ. ಮೂಲೆಗಳನ್ನ ದುಂಡಗೆ ಕತ್ತರಿಸಿ, ಅಂಚಿಗೆಲ್ಲ ಎರಡನೇ ಸಲ ಬಿಸಿ ಕೊಟ್ಟು ರೋಲರ್ ಓಡಿಸಿ.

ಮಾರನೇ ದಿನ ಒಬ್ಬರು ವಾಪಸ್ ಬಂದು ಸಂದುಗಳ ಮೇಲೆ ಬೆರಳು ಆಡಿಸಬೇಕು. ಟೊಳ್ಳು ಸಿಕ್ಕ ಕಡೆ ಮತ್ತೆ ಬಿಸಿ, ಮತ್ತೆ ರೋಲರ್. ಆ ಓಡಾಟದ ಕೂಲಿನೂ ಮೊದಲ ಕೊಟೇಶನ್‌ನಲ್ಲೇ ಇರಲಿ.